ಪಾಪರ್ ಚೀಟಿ ಮತ್ತು ಮನೆಯ ಹಂಡೆ



2021ರ ದೀಪಾವಳಿಗೆ ಎರಡು ದಿನ ಮುಂಚೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. ಅವನು ಶಾಲೆ ಬಿಟ್ಟು ಇಪ್ಪತ್ತು ವರ್ಷಗಳ ಮೇಲಾಗಿತ್ತು. ಕುಶಲ ಪ್ರಶ್ನೆಗಳು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಒಂದು ಮಾತು ಕೇಳಬೇಕಾಗಿತ್ರಿ. ಪಾಪರ್ ಚೀಟಿ ಕೊಟ್ರ ಮನಿಯಾಗಿನ ಸಾಮಾನು ಏನೇನ್ ಒಯ್ತಾರ್ರೀ?” ಎಂದ. ಹಿಂದಿನಿಂದ ಅವನ ಹೆಂಡತಿ ಮೆಲ್ಲನೆ ಏನೋ ಹೇಳುತ್ತಿದ್ದುದು ಕೇಳಿಸಿತು. “ಹಾಸಿಗಿ, ಭಾಂಡೇನೂ ಒಯ್ತಾರೇನ್ರಿ ಅಂತ ಕೇಳಾಕತ್ತಾಳ್ರಿ” ಎಂದು ಅವನೇ ಸೇರಿಸಿದ.

ನಾನು ಇತಿಹಾಸ ಕಲಿಸಿದವನು, ಕಾಯಿದೆ ಓದಿದವನಲ್ಲ. “ಎರಡು ದಿನ ತಡೆಯಪ್ಪಾ, ವಿಚಾರಿಸಿ ಹೇಳ್ತೀನಿ” ಎಂದೆ. ಗಂಗಾವತಿಯಲ್ಲಿ ವಕೀಲನಾಗಿರುವ ಇನ್ನೊಬ್ಬ ಶಿಷ್ಯನನ್ನು ಕೇಳಿ ಅವನಿಗೆ ಉತ್ತರವನ್ನೇನೋ ಕೊಟ್ಟೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಾಲದಲ್ಲಿ ಮುಳುಗಿದವನ ಮನೆಯಲ್ಲಿ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬ ವಿಚಾರಕ್ಕೂ ಒಂದು ಚರಿತ್ರೆಯಿದೆ. ಅದನ್ನು ಹುಡುಕುತ್ತ ಹೋದಾಗ ನನ್ನ ಬಾಲ್ಯದ ಒಂದು ಬೆಳಗೂ ನೆನಪಿಗೆ ಬಂದಿತು. ಹೆಸರು ಬರೆಯಬಾರದೆಂಬ ಷರತ್ತಿನ ಮೇಲೆ ಆ ವಿದ್ಯಾರ್ಥಿ ತನ್ನ ಕಥೆಯನ್ನು ಬರೆಯಲು ಒಪ್ಪಿಗೆ ಕೊಟ್ಟಿದ್ದಾನೆ.

ವಿರೂಪಾಪುರಗಡ್ಡೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹಂಪಿಯ ವಿರೂಪಾಕ್ಷ ದೇವಾಲಯದ ಆಚೆ ದಡಕ್ಕೆ, ತುಂಗಭದ್ರೆಯ ಕವಲುಗಳ ನಡುವೆ ಇರುವ ನಡುಗಡ್ಡೆ ಅದು. ಗೋಪುರ ಕಣ್ಣೆದುರಿಗೇ ಕಂಡರೂ ಗಡ್ಡೆ ಮಾತ್ರ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದುದು. ಭತ್ತದ ಗದ್ದೆ, ಬಾಳೆಯ ತೋಟ, ಅವುಗಳ ಹಿಂದೆ ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳು. ಹರಗೋಲಿನಲ್ಲಿ ಹೊಳೆ ದಾಟಿ ಬರುವ ಪ್ರವಾಸಿಗರು ಹೆಚ್ಚಿದಂತೆ ಅಲ್ಲಿ ಗುಡಿಸಲುಗಳು, ಅತಿಥಿಗೃಹಗಳು, ಚಹಾದಂಗಡಿಗಳು ಎದ್ದವು. ನನ್ನ ವಿದ್ಯಾರ್ಥಿಯೂ ಬೇರೊಬ್ಬರ ಜಾಗದಲ್ಲಿ ನಾಲ್ಕು ಕೋಣೆ ಬಾಡಿಗೆಗೆ ಹಿಡಿದು, ಮುಂದೆ ಒಂದು ಚಪ್ಪರ ಹಾಕಿ ಚಹಾ-ತಿಂಡಿಯ ಹೋಟೆಲು ನಡೆಸುತ್ತಿದ್ದ. ಬಂಡವಾಳಕ್ಕೆ ಒಂದು ಬ್ಯಾಂಕಿನ ಸಾಲ, ಒಂದು ಫೈನಾನ್ಸಿನ ಸಾಲ, ಬೀಗರಿಂದ ಕೈಗಡ.

2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಗಡ್ಡೆಯಲ್ಲಿ ಸಿಲುಕಿದ್ದ ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ಹೊರತರಬೇಕಾಯಿತು. ಗಡ್ಡೆಯ ಕಟ್ಟಡಗಳ ಮೇಲಿನ ವ್ಯಾಜ್ಯವಂತೂ ಹಳೆಯದು. ಹಂಪಿಯ ಸುತ್ತಲಿನ ಪ್ರದೇಶವನ್ನು ಸಂರಕ್ಷಿತವೆಂದು ಘೋಷಿಸಿದ ಅಧಿಸೂಚನೆ 1988ರದು. ಅದರ ಆಧಾರದ ಮೇಲೆ ಹೈಕೋರ್ಟು 2015ರಲ್ಲಿ ಕೊಟ್ಟ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ 2020ರ ಫೆಬ್ರವರಿ 11ರಂದು ಎತ್ತಿಹಿಡಿಯಿತು. ಮಾರ್ಚ್ 3ರಂದು ತೆರವು ಕಾರ್ಯ ನಡೆಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಮಾರ್ಚ್ 25ರಿಂದ, ಕೊರೋನಾದ ದಿಗ್ಬಂಧನ ಇಡೀ ದೇಶಕ್ಕೆ ಬಂದಿತು. ಪರಂಪರೆಯ ರಕ್ಷಣೆ ಬೇಕೇ ಬೇಡವೇ ಎಂಬ ಚರ್ಚೆ ಈ ಲೇಖನದ್ದಲ್ಲ. ಎಂಟು ತಿಂಗಳೊಳಗೆ ಪ್ರವಾಹ, ತೆರವು, ರೋಗ, ಈ ಮೂರೂ ಬಂದವು. ಸಾಲದ ಕಂತುಗಳು ಮಾತ್ರ ಕಾಯಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮೊದಲಿಗೆ ಮಾತಿನ ವಿಚಾರ. ‘ಪಾಪರ್’ ಇಂಗ್ಲಿಷಿನಿಂದ ಕೋರ್ಟಿನ ಬಾಗಿಲಲ್ಲಿ ಇಳಿದುಬಂದು ನಮ್ಮದಾದ ಮಾತು; ನಿರ್ಗತಿಕ ಎಂದು ಅರ್ಥ. ‘ದಿವಾಳಿ’ ಎಂಬುದಕ್ಕೆ ಹಿರಿಯರು ಹೇಳುವ ಕಥೆ ಇನ್ನೊಂದು. ವ್ಯಾಪಾರ ಮುಳುಗಿದ ವರ್ತಕನು ಹಾಡುಹಗಲಿನಲ್ಲೇ ಅಂಗಡಿಯ ಮುಂದೆ ದೀಪ ಹಚ್ಚಿಟ್ಟು ಕುಳಿತುಕೊಳ್ಳುತ್ತಿದ್ದನಂತೆ. ಅದನ್ನು ಕಂಡವರು ‘ಇವನಲ್ಲಿ ಇನ್ನೇನೂ ಉಳಿದಿಲ್ಲ’ ಎಂದು ತಿಳಿಯುತ್ತಿದ್ದರಂತೆ. ಕಥೆ ನಿಜವೋ ಅಲ್ಲವೋ, ಅದರೊಳಗಿನ ನಾಚಿಕೆ ಮಾತ್ರ ನಿಜ. ನಮ್ಮವರು ನ್ಯಾಯಾಲಯಕ್ಕೆ ಹೆದರುವುದಕ್ಕಿಂತ ಈ ಹಗಲು ದೀಪಕ್ಕೆ ಹೆದರುವುದು ಹೆಚ್ಚು.

ಈಗ ನನ್ನ ಬಾಲ್ಯದ ಬೆಳಗು. ಅದು 1959ನೆಯ ಇಸವಿ, ನಾನು ನಾಲ್ಕನೆಯ ಇಯತ್ತೆ. ನಮ್ಮೂರು ಯಲಬುರ್ಗಾ ತಾಲ್ಲೂಕಿನ ಎರೆಹೊಲದ ಊರು. ಪಕ್ಕದ ಮನೆಯ ಹಿರಿಯರನ್ನು ನಾವು ದೊಡ್ಡಪ್ಪ ಎಂದು ಕರೆಯುತ್ತಿದ್ದೆವು. ಅವರ ಮೇಲೆ ಸಾವುಕಾರರೊಬ್ಬರು ದಾವೆ ಹೂಡಿ ಡಿಕ್ರಿ ಪಡೆದಿದ್ದರು. ಬೆಳಕು ಹರಿಯುವ ಮೊದಲೇ ನೀರಿಗೆ ಹೋದ ಅವ್ವ ಓಡುತ್ತ ಬಂದು, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೋರ್ಟಿನ ಅಮೀನ ಕುಳಿತಿದ್ದಾನೆಂದು ಹೇಳಿದಳು. ನಾವು ಹುಡುಗರು ನೋಡಲು ಹೋದೆವು. ಅವನು ತಳವಾರನೊಡನೆ ಬೀಡಿ ಸೇದುತ್ತ, ಮೂಡಣದ ಕಡೆ ನೋಡುತ್ತ ಸುಮ್ಮನೆ ಕುಳಿತಿದ್ದ. ಸೂರ್ಯ ಮೇಲೆ ಬಂದ ಮೇಲೆಯೇ ಎದ್ದು ದೊಡ್ಡಪ್ಪನ ಮನೆಯ ಕಡೆ ನಡೆದ. ಏಕೆ ಕಾಯ್ದನೆಂದು ಅಂದು ತಿಳಿಯಲಿಲ್ಲ.

ಮನೆಯ ಸಾಮಾನು ಒಂದೊಂದಾಗಿ ಅಂಗಳಕ್ಕೆ ಬಂದವು. ದೊಡ್ಡವ್ವ ಒಳಗೆ ಬಾಗಿಲ ಸಂದಿಯಲ್ಲಿ ನಿಂತು ಸೆರಗಿನ ಒಳಗೆ ತಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಮೀನ ಅವಳ ಕಡೆ ನೋಡಲೂ ಇಲ್ಲ. ಹಿತ್ತಾಳೆಯ ದೊಡ್ಡ ಸಮೆ, ಮರದ ಸಂದೂಕ, ಗೋಡೆಯ ಗಡಿಯಾರ, ಹಾಲು ಕೊಡುವ ಎಮ್ಮೆ, ಇವನ್ನು ಪಂಚನಾಮೆಯಲ್ಲಿ ಬರೆಸಿದ. ಕೌದಿಗಳನ್ನು ಬರೆಯಲಿಲ್ಲ. ಅಡುಗೆಯ ಪಾತ್ರೆ, ನೀರಿನ ಕೊಡ, ಸ್ನಾನದ ತಾಮ್ರದ ಹಂಡೆಗಳನ್ನು ಬಿಟ್ಟ. ಕೊಟ್ಟಿಗೆಯಲ್ಲಿದ್ದ ಜೋಡೆತ್ತು, ರಂಟೆ, ಕುಂಟೆ, ಕೂರಿಗೆಗಳನ್ನು ನೋಡಿ ಮುಂದೆ ಹೋದ. ಜೋಳದ ಚೀಲಗಳಲ್ಲಿ ಎರಡನ್ನು ಪಕ್ಕಕ್ಕೆ ಸರಿಸಿ, “ಇದು ಬಿತ್ತಾಕ” ಎಂದ. ಸಾವುಕಾರರ ಗುಮಾಸ್ತ ಎತ್ತುಗಳ ಕಡೆ ಬೆರಳು ತೋರಿಸಿ ಏನೋ ಹೇಳಿದ. ಅಮೀನ ತಲೆಯಲ್ಲಾಡಿಸಿ, “ಅವು ಬರಾಂಗಿಲ್ಲ” ಎಂದ.

‘ಅವು ಬರಾಂಗಿಲ್ಲ’ ಎಂಬ ಆ ಎರಡು ಶಬ್ದಗಳ ಹಿಂದೆ ಎಷ್ಟು ದೊಡ್ಡ ಚರಿತ್ರೆಯಿತ್ತೆಂಬುದು ನನಗೆ ತಿಳಿದದ್ದು ಅರವತ್ತು ವರ್ಷಗಳ ಮೇಲೆ.

ಹಿಂದಿನಿಂದ ಹೇಳುತ್ತೇನೆ. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ ಇದ್ದವನು. ಹೆಂಗಸಿನ ಸ್ವಂತ ಧನವನ್ನು ಗಂಡನು ಯಾವಾಗ ಬಳಸಿಕೊಳ್ಳಬಹುದು ಎಂಬ ಪ್ರಶ್ನೆ ಅಲ್ಲಿದೆ. ಬರಗಾಲ, ಧರ್ಮಕಾರ್ಯ, ರೋಗ, ಸೆರೆ, ಈ ನಾಲ್ಕು ಸಂಕಟಗಳಲ್ಲಿ ತೆಗೆದುಕೊಂಡರೆ ಮರಳಿ ಕೊಡುವ ಬಾಧ್ಯತೆಯಿಲ್ಲ. ಬೇರೆ ಸಮಯದಲ್ಲಿ ತೆಗೆದುಕೊಂಡರೆ ಕೊಡಬೇಕು. ಗಂಡನಲ್ಲದೆ ಬೇರೆಯವರಂತೂ ಅದನ್ನು ಮುಟ್ಟುವಂತಿಲ್ಲ. ಹೆಂಗಸಿನ ಒಡವೆ ಮನೆಯ ಸಾಲಕ್ಕೆ ಸುಲಭವಾಗಿ ಈಡಾಗಬಾರದೆಂಬ ವಿಚಾರ ಹೀಗೆ ಹಳೆಯದು. ಆದರೆ ಅದೇ ಸ್ಮೃತಿಯಲ್ಲಿ, ತೀರಿಸಲಾಗದ ಸಾಲಗಾರ ಕೆಳಜಾತಿಯವನಾದರೆ ಅವನಿಂದ ದುಡಿಸಿಕೊಳ್ಳಬೇಕು, ಬ್ರಾಹ್ಮಣನಾದರೆ ಮಾತ್ರ ಆದಾಯವಿದ್ದಂತೆ ನಿಧಾನವಾಗಿ ತೀರಿಸಬಹುದು ಎಂಬ ಭೇದವೂ ಇದೆ. ಒಬ್ಬನ ಪಾತ್ರೆ ಪಗಡೆ ಉಳಿದಾಗ ಇನ್ನೊಬ್ಬನ ಮೈಯೇ ಒತ್ತೆಯಾಗುತ್ತಿತ್ತು. ಜೀತಪದ್ಧತಿಯನ್ನು ಕಾಯಿದೆಯಿಂದ ತೆಗೆದುಹಾಕಿದ್ದು 1976ರಲ್ಲಿ ಎಂಬುದನ್ನು ಇಲ್ಲಿ ಮರೆಯಬಾರದು.

ಬ್ರಿಟಿಷರ ಕಾಲದಲ್ಲಿ ನ್ಯಾಯಾಲಯ, ಕಾಗದ, ಡಿಕ್ರಿಗಳು ಬಂದ ಮೇಲೆ ಸಾವುಕಾರನ ಕೈ ಬಲವಾಯಿತು. ಮೊದಲು ಅವನಿಗೆ ಊರಿನ ಹಂಗಿತ್ತು. ಈಗ ಸರ್ಕಾರದ ಜವಾನನೇ ಅವನ ಪರವಾಗಿ ಬಾಗಿಲಿಗೆ ಬರುವಂತಾಯಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪಾ ಎಂಬ ಊರಿನ ಸಂತೆಯಲ್ಲಿ ರೈತರು ಸಾವುಕಾರರ ಮನೆಗಳಿಗೆ ನುಗ್ಗಿದರು. ಅವರ ಕಣ್ಣು ಮುಖ್ಯವಾಗಿ ಸಾಲಪತ್ರಗಳ ಮೇಲಿತ್ತು. ಪತ್ರಗಳನ್ನು ಹೊರತಂದು ಸುಟ್ಟರು. ಪುಣೆ, ಅಹಮದನಗರ ಜಿಲ್ಲೆಗಳ ಅನೇಕ ಹಳ್ಳಿಗಳಿಗೆ ಈ ಕಿಚ್ಚು ಹಬ್ಬಿತು. ಇತಿಹಾಸದ ಪಾಠದಲ್ಲಿ ‘ದಖ್ಖನ್ ದಂಗೆ’ ಎಂದು ನಿಮಗೆ ಇದನ್ನೇ ಹೇಳಿಕೊಟ್ಟಿದ್ದೆ. ಅದರ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂದಿತು. ಸಾಲದ ಡಿಕ್ರಿಗಾಗಿ ರೈತನನ್ನು ಸೆರೆಗೆ ಹಾಕಕೂಡದು ಎಂದೂ, ಅವನ ಸ್ಥಿರಾಸ್ತಿಯನ್ನು ಜಪ್ತಿ ಮಾಡಕೂಡದು ಎಂದೂ ಅದು ವಿಧಿಸಿತು. ಆದರೆ ಎರಡನೆಯ ನಿಯಮಕ್ಕೆ ಒಂದು ಬಾಲವಿತ್ತು: ಆ ಆಸ್ತಿಯನ್ನು ಅದೇ ಸಾಲಕ್ಕೆ ಒತ್ತೆಯಾಗಿ ಬರೆದುಕೊಟ್ಟಿದ್ದರೆ ಈ ರಕ್ಷಣೆಯಿಲ್ಲ. ಈ ಬಾಲವನ್ನು ನೆನಪಿನಲ್ಲಿಡಿ. ಮುಂದೆ ಅದು ಮತ್ತೆ ಮತ್ತೆ ಬರುತ್ತದೆ.

ಆಗ ನಮ್ಮ ಭಾಗ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರು. ಅರಬರು, ರೋಹಿಲರು ಸಾಲ ಕೊಟ್ಟು ಆಯುಧ ಹಿಡಿದು ವಸೂಲಿಗೆ ನಿಲ್ಲುತ್ತಿದ್ದ ರಾಜ್ಯ ಅದು. ಅವರನ್ನು ಹದ್ದಿನಲ್ಲಿಡಲು ಮೊದಲನೆಯ ಸಾಲಾರ್ ಜಂಗ್ ಬಹಳ ಶ್ರಮಪಟ್ಟ. ಬ್ರಿಟಿಷ್ ಭಾರತದಲ್ಲಿ 1882ರ ಸಿವಿಲ್ ಪ್ರಕ್ರಿಯಾ ಸಂಹಿತೆಯೂ, ಅನಂತರ 1908ರ ಸಂಹಿತೆಯೂ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿಯನ್ನು ಕೊಟ್ಟವು. ಈ 1908ರ ಸಂಹಿತೆ ಹಿಂದಿನ ಹೈದರಾಬಾದ್ ಸೀಮೆಗೆ ಅನ್ವಯವಾದದ್ದು 1951ರ ಏಪ್ರಿಲ್ 1ರಿಂದ. ಎಂದರೆ ನಮ್ಮೂರಿನ ಅಂಗಳದಲ್ಲಿ ಅಮೀನ ನಿಂತಾಗ ಆ ಪಟ್ಟಿ ನಮ್ಮ ಸೀಮೆಗೆ ಬಂದು ಎಂಟು ವರ್ಷ ಮಾತ್ರವಾಗಿತ್ತು.

ಆ ಸಂಹಿತೆಯ 60ನೆಯ ಕಲಮು ಇಂದಿಗೂ ಜಾರಿಯಲ್ಲಿದೆ. ಸಾಲಗಾರನ, ಅವನ ಹೆಂಡತಿ ಮಕ್ಕಳ ಅಗತ್ಯದ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆಗಳನ್ನು ಜಪ್ತಿ ಮಾಡುವಂತಿಲ್ಲ. ಧಾರ್ಮಿಕ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಲಾಗದ ಒಡವೆಯನ್ನು ಮುಟ್ಟುವಂತಿಲ್ಲ. ಕುಶಲಕರ್ಮಿಯ ಉಪಕರಣಗಳನ್ನು ಒಯ್ಯುವಂತಿಲ್ಲ. ಕಿನ್ನಾಳದ ಚಿತ್ರಗಾರನ ಉಳಿಯೂ ಭಾಗ್ಯನಗರದ ನೇಕಾರನ ಮಗ್ಗವೂ ಇದರೊಳಗೆ ಬರುತ್ತವೆ ಎಂದು ವಕೀಲ ಶಿಷ್ಯ ವಿವರಿಸಿದ. ರೈತನಾದರೆ ಬೇಸಾಯದ ಸಲಕರಣೆ, ಹೊಟ್ಟೆಪಾಡಿಗೆ ಅಗತ್ಯವೆಂದು ನ್ಯಾಯಾಲಯಕ್ಕೆ ತೋರುವಷ್ಟು ದನಕರು ಮತ್ತು ಬಿತ್ತನೆಯ ಕಾಳು ಉಳಿಯುತ್ತವೆ. ರೈತನೋ ಕೂಲಿಕಾರನೋ ಮನೆಗೆಲಸದವನೋ ತಾನೇ ವಾಸವಾಗಿರುವ ಸ್ವಂತ ಮನೆಯೂ ಉಳಿಯುತ್ತದೆ. ಕೂಲಿಯ ಹಣ, ಪಿಂಚಣಿ, ಭವಿಷ್ಯ ನಿಧಿ, ಜೀವವಿಮೆಯ ಹಣಗಳಿಗೂ ರಕ್ಷಣೆಯಿದೆ. ಸಂಬಳವಾದರೆ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೆಯ ಎರಡು ಭಾಗಕ್ಕೆ ಕೈಹಾಕುವಂತಿಲ್ಲ.

62ನೆಯ ಕಲಮನ್ನು ಓದಿದಾಗ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಜಪ್ತಿಗಾಗಿ ಯಾರ ವಾಸದ ಮನೆಯನ್ನೂ ಪ್ರವೇಶಿಸಕೂಡದು ಎಂದು ಅಲ್ಲಿದೆ. ಹನುಮಪ್ಪನ ಕಟ್ಟೆಯ ಮೇಲೆ ಕುಳಿತು ಅಮೀನ ಮೂಡಣದ ಕಡೆ ನೋಡುತ್ತಿದ್ದುದು ಇದಕ್ಕಾಗಿ!

ಇನ್ನು ಪಾಪರ್ ಚೀಟಿಯ ವಿಚಾರ. ಸಾಲ ತೀರಿಸಲಾಗದವನು ತಾನೇ ನ್ಯಾಯಾಲಯಕ್ಕೆ ಹೋಗಿ ‘ನನ್ನನ್ನು ದಿವಾಳಿಯೆಂದು ಘೋಷಿಸಿ’ ಎಂದು ಕೇಳುವ ದಾರಿಯನ್ನು 1920ರ ಪ್ರಾಂತೀಯ ದಿವಾಳಿ ಕಾಯಿದೆ ಮಾಡಿಕೊಟ್ಟಿತು. ಮುಂದೆ ಅದು ಕರ್ನಾಟಕಕ್ಕೆಲ್ಲ ಅನ್ವಯವಾಯಿತು. 500 ರೂಪಾಯಿಯ ಸಾಲವಿದ್ದರೂ ಅರ್ಜಿ ಹಾಕಬಹುದೆಂದಿರುವುದನ್ನು ನೋಡಿದರೆ ಅದರ ವಯಸ್ಸು ತಿಳಿಯುತ್ತದೆ. ಘೋಷಣೆಯಾದ ಮೇಲೆ ಆಸ್ತಿಯೆಲ್ಲ ನ್ಯಾಯಾಲಯದ ವಶಕ್ಕೆ ಅಥವಾ ಅದು ನೇಮಿಸಿದ ರಿಸೀವರನ ವಶಕ್ಕೆ ಹೋಗಿ, ಸಾಲ ಕೊಟ್ಟವರಿಗೆ ಹಂಚಿಕೆಯಾಗುತ್ತದೆ. ಆದರೆ ಮೇಲೆ ಹೇಳಿದ 60ನೆಯ ಕಲಮಿನ ವಸ್ತುಗಳು ಆ ‘ಆಸ್ತಿ’ಯಲ್ಲಿ ಸೇರುವುದಿಲ್ಲ ಎಂದು ಇದರ 28ನೆಯ ಕಲಮು ಹೇಳುತ್ತದೆ. 2016ರಲ್ಲಿ ಬಂದ ಹೊಸ ದಿವಾಳಿತನ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಒಂದು ಭಾಗವಿದೆ. ಉಪಕರಣ, ಗೃಹೋಪಯೋಗಿ ಸಾಮಾನು, ತಾಳಿಯಂತಹ ಒಡವೆ, ವಾಸದ ಒಂದು ಮನೆ, ಇವುಗಳಿಗೆ ಅಲ್ಲಿಯೂ ವಿನಾಯಿತಿಯಿದೆ. ಆದರೆ ಆ ಭಾಗವನ್ನು 2019ರ ಡಿಸೆಂಬರಿನಿಂದ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಚಹಾದಂಗಡಿಯವನಿಗೆ ಉಳಿದದ್ದು 1920ರ ಕಾಯಿದೆಯೇ.

ವಿದ್ಯಾರ್ಥಿ ಇನ್ನೊಂದು ಮಾತನ್ನೂ ಕೇಳಿದ್ದ: “ಮನಿ ತಮ್ಮನ ಹೆಸರಿಗೆ ಮಾಡಿ, ಸಾಮಾನು ಬೀಗರ ಮನ್ಯಾಗ ಇಟ್ರ ಹೆಂಗ್ರೀ?” ಇದು ಎಲ್ಲರಿಗೂ ಮೊದಲು ತೋಚುವ ಉಪಾಯ. ವಕೀಲ ಶಿಷ್ಯ ಇದಕ್ಕೆ ಖಂಡಿತವಾಗಿ ಬೇಡವೆಂದ. ದಿವಾಳಿಗೆ ಹಿಂದಿನ ಎರಡು ವರ್ಷಗಳಲ್ಲಿ ಬೆಲೆಯಿಲ್ಲದೆ ಬೇರೆಯವರ ಹೆಸರಿಗೆ ಬರೆದುಕೊಟ್ಟುದನ್ನು ನ್ಯಾಯಾಲಯ ರದ್ದುಮಾಡಬಹುದು. ಸಾಲ ಕೊಟ್ಟವರಲ್ಲಿ ಒಬ್ಬನಿಗೆ ಮಾತ್ರ ಕೊನೆಯ ಮೂರು ತಿಂಗಳಲ್ಲಿ ಗುಟ್ಟಾಗಿ ತೀರಿಸಿದರೆ ಅದೂ ನಿಲ್ಲುವುದಿಲ್ಲ. ಬಚ್ಚಿಟ್ಟರೆ ಅಪರಾಧವೇ ಆಗುತ್ತದೆ. ವಿಚಿತ್ರವೆಂದರೆ, ಕೂಲಿಗೆ ಹೋಗುತ್ತಿದ್ದ ಅವನು ಬಚ್ಚಿಡಲು ಹೊರಟಿದ್ದ ಎರಡು ಅಂಕಣದ ಆ ಮನೆಯನ್ನು ಕಾಯಿದೆಯೇ ಅವನಿಗೆ ಬಹಿರಂಗವಾಗಿ ಉಳಿಸಿಕೊಡುತ್ತಿತ್ತು. ಹೋಟೆಲಿನ ದೊಡ್ಡ ಪಾತೇಲಿ, ಒಲೆ, ಬೆಂಚುಗಳು ಮಾತ್ರ ಬೇರೆ. ಅವು ವ್ಯಾಪಾರದ ಸಾಮಾನು, ಮನೆಯ ಅಡುಗೆಯ ಪಾತ್ರೆಯಲ್ಲ.

ಈ ವಿವರಗಳನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಆನೆಗುಂದಿಯ ಕಡೆಯ ಅವನ ಹಳ್ಳಿಗೆ ಹೋದೆ. ಸಂತೋಷದ ಸುದ್ದಿ ಒಯ್ಯುತ್ತಿದ್ದೇನೆಂಬ ಹುರುಪು ನನ್ನಲ್ಲಿತ್ತು. ಚಹಾ ಕೊಟ್ಟು, ಗಂಡ ಹೆಂಡತಿ ಇಬ್ಬರೂ ಕೇಳುತ್ತ ಕುಳಿತರು. ಪಟ್ಟಿಯನ್ನು ಓದಿ ಮುಗಿಸಿದ ಮೇಲೆ ಆ ಹೆಣ್ಣುಮಗಳು ನನ್ನನ್ನು ನೋಡಿ, “ನೀವು ಓದಿದ್ದೆಲ್ಲಾ ಖರೇ ಐತ್ರಿ ಸರ್. ಆದ್ರ ಆ ಪಟ್ಟಿಯಾಗಿನ ಸಾಮಾನು ಒಯ್ಯಾಕ ಕೋರ್ಟಿನವ್ರು ಬರೂದೇ ಬ್ಯಾಡ. ನಾವೇ ಕೊಟ್ಟು ಬಂದೀವಿ” ಎಂದಳು. ಅವಳ ಕೊರಳಲ್ಲಿ ಹಳದಿ ದಾರಕ್ಕೆ ಕಟ್ಟಿದ ಅರಿಶಿಣದ ಕೊಂಬಿತ್ತು. ತಾಳಿ, ಗುಂಡು, ಬೋರಮಾಳ ಸರ ಎಲ್ಲವೂ ಗಿರವಿಗೆ ಹೋಗಿದ್ದವು. ಬ್ಯಾಂಕಿನ ಕಂತು ತಪ್ಪಬಾರದೆಂದು, ಮಾನ ಹೋಗಬಾರದೆಂದು ಇಟ್ಟದ್ದು. ಎದ್ದು ಹೋಗಿ ದೇವರ ಜಗಲಿಯ ಮೇಲಿದ್ದ ಪಟದ ಹಿಂದಿನಿಂದ ಒಂದು ಲಕೋಟೆ ತಂದುಕೊಟ್ಟಳು. ಒಡೆದಿರಲಿಲ್ಲ. ಇಂಗ್ಲಿಷಿನಲ್ಲಿದ್ದ ಆ ನೋಟೀಸಿನಲ್ಲಿ ಹರಾಜಿನ ದಿನಾಂಕವಿತ್ತು. ಆ ದಿನ ಕಳೆದು ಏಳು ವಾರಗಳಾಗಿದ್ದವು. ಲಕೋಟೆಯನ್ನು ಅವಳಿಗೆ ಏನೆಂದು ಹೇಳಿ ಮರಳಿ ಕೊಟ್ಟೆನೋ ನನಗೆ ನೆನಪಿಲ್ಲ.

1959ರ ಕಥೆಯನ್ನು ನಾನು ನಿಮಗೆ ಪೂರ್ತಿ ಹೇಳಲಿಲ್ಲ. ಅಮೀನ ಬಂದುಹೋದ ಹತ್ತು ಹನ್ನೆರಡು ದಿನಗಳಿಗೆ, ನಾವು ಶಾಲೆಗೆ ಹೋಗುವ ಹೊತ್ತಿನಲ್ಲಿ ದೊಡ್ಡಪ್ಪ ಆ ತಾಮ್ರದ ಹಂಡೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಓಣಿಯಲ್ಲಿ ಹೋಗುತ್ತಿದ್ದರು. ಮುಖ ಕಾಣುತ್ತಿರಲಿಲ್ಲ. ನಾವು ಹುಡುಗರು ನಕ್ಕೆವು. ಅವರು ಹೋಗುತ್ತಿದ್ದುದು ಅದೇ ಸಾವುಕಾರರ ಮನೆಗೆ. ಸರ್ಕಾರದ ಅಮೀನ ಮುಟ್ಟದೆ ಬಿಟ್ಟ ಹಂಡೆ, ಮುಂಗಾರಿನ ಖರ್ಚಿಗೆಂದು, ಅವರ ಕೈಯಿಂದಲೇ ಗಿರವಿಗೆ ಹೋಯಿತು. ಮರಳಿ ಬಂದುದನ್ನು ನಾನು ನೋಡಲಿಲ್ಲ.

ಈ ವಿಷಯದಲ್ಲಿ ನಾನು ಕಲಿತದ್ದೆಲ್ಲ ಇದೇ: ಕಾಯಿದೆ ಜಪ್ತಿಯಿಂದ ಕಾಪಾಡುತ್ತದೆ, ಗಿರವಿಯಿಂದ ಕಾಪಾಡುವುದಿಲ್ಲ. 1879ರ ಕಾಯಿದೆಯ ಬಾಲವನ್ನು ನೆನೆಯಿರಿ. ಬ್ಯಾಂಕುಗಳ ವಸೂಲಿಗಾಗಿ 2002ರಲ್ಲಿ ಬಂದ ಸರ್ಫೇಸಿ ಕಾಯಿದೆಯೂ 60ನೆಯ ಕಲಮಿನ ವಸ್ತುಗಳನ್ನು ಬಿಡುತ್ತದೆ. ಆದರೆ ಆ ಸಾಲಕ್ಕೇ ಆಧಾರವಾಗಿ ಕೊಟ್ಟುದನ್ನು ಬಿಡುವುದಿಲ್ಲ. 2016ರ ಸಂಹಿತೆಯ ವಿನಾಯಿತಿಗಳೂ ಋಣಭಾರವಿಲ್ಲದ ವಸ್ತುಗಳಿಗೆ ಮಾತ್ರ. ‘ನನ್ನ ಯಾವ ವಸ್ತುವನ್ನಾದರೂ ಒಯ್ಯಬಹುದು, ರಕ್ಷಣೆ ನನಗೆ ಬೇಡ’ ಎಂದು ಯಾರಾದರೂ ಕಾಗದಕ್ಕೆ ಸಹಿ ಮಾಡಿಸಿಕೊಂಡರೆ ಆ ಕಾಗದ ಶೂನ್ಯ. 60ನೆಯ ಕಲಮಿಗೆ 1976ರಲ್ಲಿ ಸೇರಿಸಿದ ನಿಯಮವದು. ಅದೇ ವಸ್ತುವನ್ನು ನಾವೇ ಒಯ್ದು ಗಿರವಿ ಇಟ್ಟರೆ, 1872ರ ಕರಾರು ಕಾಯಿದೆಯಂತೆ, ತಕ್ಕ ಸೂಚನೆ ಕೊಟ್ಟು ಅದನ್ನು ಮಾರುವ ಅಧಿಕಾರ ಅವರಿಗೆ ಬರುತ್ತದೆ.

ಗಿರವಿ ಹೋದ ವಸ್ತುವನ್ನು ಮರಳಿ ಕೊಡಿಸಲು ಸರ್ಕಾರಗಳು ಪ್ರಯತ್ನಿಸಲೇ ಇಲ್ಲವೆಂದಲ್ಲ. ದೇವರಾಜ ಅರಸರ ಕಾಲದಲ್ಲಿ, 1976ರ ಕರ್ನಾಟಕ ಋಣ ಪರಿಹಾರ ಕಾಯಿದೆಯಂತೆ, ಸಣ್ಣ ರೈತರು, ಭೂಹೀನ ಕಾರ್ಮಿಕರು, ದುರ್ಬಲ ವರ್ಗದವರ ಸಾಲ ತೀರಿತೆಂದು ಸಾರಿ, ಒತ್ತೆಯಿಟ್ಟ ಚರ ವಸ್ತುಗಳನ್ನು ಮರಳಿಸುವಂತೆ ವಿಧಿಸಲಾಯಿತು. ಇಂತಹುದೇ ಮಹಾರಾಷ್ಟ್ರದ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಎತ್ತಿಹಿಡಿಯಿತು. 2018ರ ಋಣ ಪರಿಹಾರ ಕಾಯಿದೆ 2019ರ ಜುಲೈಯಲ್ಲಿ ಜಾರಿಗೆ ಬಂದಾಗ, ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರದ ದುರ್ಬಲ ವರ್ಗದವರೂ ಖಾಸಗಿ ಲೇವಾದೇವಿಯ ಸಾಲದಿಂದ ಬಿಡುಗಡೆ ಕೇಳಬಹುದಾಗಿತ್ತು. ಅರ್ಜಿಗೆ ಕೊಟ್ಟ ಕಾಲ 90 ದಿನ. ಆ 90 ದಿನಗಳಲ್ಲಿ ನನ್ನ ವಿದ್ಯಾರ್ಥಿ ಗಡ್ಡೆಯ ಹೋಟೆಲಿನೊಳಗಿನ ಪ್ರವಾಹದ ಕೆಸರು ತೆಗೆಯುತ್ತಿದ್ದ. ಇನ್ನು ಮನೆಯ ಮುಂದೆ ಕುಳಿತು, ಬೈದು, ಸಾಮಾನು ಎಳೆದೊಯ್ಯುವಂತಹ ಬಲವಂತದ ವಸೂಲಿಯನ್ನು ತಡೆಯಲು 2025ರ ಫೆಬ್ರವರಿ 12ರಂದು ನಮ್ಮ ರಾಜ್ಯದಲ್ಲಿ ಕಿರುಸಾಲಗಳ ಸುಗ್ರೀವಾಜ್ಞೆ ಹೊರಬಂದು, ಅನಂತರ ಕಾಯಿದೆಯಾಯಿತು. ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿಯವರೆಗೆ ದಂಡ ಅದರಲ್ಲಿದೆ.

ನನ್ನ ವಿದ್ಯಾರ್ಥಿ ಕೊನೆಗೆ ಪಾಪರ್ ಚೀಟಿ ಕೊಡಲಿಲ್ಲ. ವಕೀಲ ಶಿಷ್ಯ ಶುಲ್ಕ ತೆಗೆದುಕೊಳ್ಳದೆ ನಿಂತು, 2022ರಲ್ಲಿ ಲೋಕ ಅದಾಲತ್ತಿನಲ್ಲಿ ಬ್ಯಾಂಕಿನ ಸಾಲಕ್ಕೆ ರಾಜಿ ಮಾಡಿಸಿಕೊಟ್ಟ. ಕಂತುಗಳು ಸಣ್ಣವಾದವು. ಸೆರೆಮನೆಯ ಭಯ ಅವನಿಗೆ ಬಹಳವಿತ್ತು. ಕೊಡುವ ಶಕ್ತಿಯಿದ್ದೂ ಕೊಡದವನ ಮಾತು ಬೇರೆ, ಕೊಡಲಾಗದ ಬಡವನನ್ನು ಬಡತನಕ್ಕಾಗಿ ಸೆರೆಗೆ ಹಾಕಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 1980ರಲ್ಲಿಯೇ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ತೀರ್ಪಿನಲ್ಲಿ, ಹೇಳಿದೆಯೆಂದು ತಿಳಿದ ದಿನ ಅವನು ಸರಿಯಾಗಿ ನಿದ್ದೆ ಮಾಡಿದನಂತೆ. ಈಗ ಗಂಗಾವತಿಯಲ್ಲಿ ಒಬ್ಬರ ಖಾನಾವಳಿಯಲ್ಲಿ ಅಡುಗೆಗಿದ್ದಾನೆ. ಹರಾಜಾದ ತಾಳಿ ಬರಲಿಲ್ಲ; ಕಳೆದ ವರ್ಷ ಸಣ್ಣದೊಂದು ಹೊಸ ತಾಳಿ ಮಾಡಿಸಿದ್ದಾರೆ.

ಮಕ್ಕಳೇ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ತರಗತಿಯಲ್ಲಿ ನಿಮಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹೊಳೆ ಬಂದು ಹಾಸಿಗೆಯನ್ನೇ ಒಯ್ದಾಗ ಆ ಗಾದೆ ಸಾಲದು ಎಂದು ಈಗ ತಿಳಿದಿದೆ. ಆದ್ದರಿಂದ ಇಷ್ಟು ಹೇಳುತ್ತೇನೆ. ನಿಮ್ಮಲ್ಲಿ ಯಾರಿಗೇ ಆಗಲಿ, ನಿಮ್ಮ ಓಣಿಯವರಿಗೇ ಆಗಲಿ, ಸಾಲ ಕೈಮೀರಿದರೆ ಮೊದಲು ಮನೆಯ ತಾಳಿ, ಪಾತ್ರೆ, ಉಪಕರಣಗಳನ್ನು ಹೊತ್ತು ಗಿರವಿಯಂಗಡಿಗೆ ಹೋಗಬೇಡಿ. ಅವು ಕಾಯಿದೆಯ ದೃಷ್ಟಿಯಲ್ಲಿ ನಿಮ್ಮ ಕೊನೆಯ ಆಸ್ತಿ. ನೀವು ಕೊಡದೆ ಯಾರೂ ಒಯ್ಯಲಾರರು. ಬಂದ ಲಕೋಟೆಯನ್ನು ದೇವರ ಪಟದ ಹಿಂದೆ ಇಡದೆ ಅಂದೇ ಒಡೆಯಿರಿ. ಇಂಗ್ಲಿಷಿನಲ್ಲಿದ್ದರೆ ಓದಬಲ್ಲವರಿಂದ ಓದಿಸಿರಿ. ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತವಾಗಿ ಸಿಗುತ್ತದೆ. ಒಬ್ಬೊಬ್ಬರ ಪ್ರಕರಣವೂ ಬೇರೆಯಾದುದರಿಂದ ನನ್ನ ಈ ಬರಹವನ್ನೇ ನಂಬಿ ಕೂರದೆ ಅವರನ್ನು ಕೇಳಿರಿ.

ಅಲ್ಲಿಗೆ ಹೋಗಲು ಸಂಕೋಚವಾದರೆ ಮೊದಲು ನನ್ನ ಮನೆಗೆ ಬನ್ನಿ. ಜೊತೆಗೆ ಬರುತ್ತೇನೆ.